ಕಳ್ಳಗಾಳಿ

ಫೆಬ್ರವರಿ 6

ಅಪ್ಪನಿಗೆ,

ಅಕ್ಷರ ನೋಡಿ ಯಾರದೋ ಅಂದುಕೊಳ್ಳಬೇಡಿ, ನಾನೇ. ಫೋನಿನಲ್ಲಿ ಸಿಗದವರಿಗೆ ಕಾಗದ ಬರೆಯದೆ ಇನ್ನೇನು ಮಾಡಲಿ? ಯಾವಾಗ ಮಾಡಿದರೂ ಎತ್ತುವುದು ನಿಮ್ಮ ತಂಗಿ, ನಮ್ಮ ಅತ್ತೆ. ಒಮ್ಮೆ ನೀವು ಸ್ನಾನಕ್ಕೆ ಹೋಗಿರುತ್ತೀರಿ, ಒಮ್ಮೆ ಮಲಗಿರುತ್ತೀರಿ, ಮತ್ತೊಮ್ಮೆ ಸ್ನಾನ. ಇಷ್ಟು ಸ್ನಾನ ಮಾಡುವ ಮನುಷ್ಯ ಇಷ್ಟೊತ್ತಿಗೆ ಸವೆದು ಸೋಪಿನ ಚೂರಾಗಿರಬೇಕಿತ್ತು.

ಸುತ್ತಿ ಬಳಸಿ ಹೇಳುವುದಿಲ್ಲ. ನಿಮ್ಮ ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆದಿದ್ದೇನೆ. ಎರಡು ಬಾಗಿಲಿನ, ನೆಲಕ್ಕೆ ಹೊಟ್ಟೆ ಹಚ್ಚಿ ಕೂತಂತಿರುವ ಅದೇ ಬೂದು ಬಣ್ಣದ ಗಾಡಿ. ನೀವೇ ಟರ್ಬೊ ಕೂರಿಸಿ ರೇಸಿಗೆ ಸಿದ್ಧ ಮಾಡಿದ್ದು, ಆಮೇಲೆ ರೇಸ್ ತಂಡದ ಕೆಲಸ ಸಿಕ್ಕಿ ಊರೂರು ಹೊರಟಾಗ ಬಿಟ್ಟು ಹೋದದ್ದು. ಟ್ಯಾಂಕು ತೊಳೆಸಿ, ಬ್ಯಾಟರಿ, ಟೈರು ಹೊಸದು ಹಾಕಿಸಿ ಓಡಿಸುವ ಹಾಗೆ ಮಾಡಿದೆ. ಓಡುವುದರಲ್ಲಿ ಏನೂ ತೊಂದರೆಯಿಲ್ಲ. ಎರಡನೇ ಗೇರಿನಲ್ಲಿ ಸ್ವಲ್ಪ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ. ನಿಲ್ಲಿಸುವುದರಲ್ಲೇ ಕಷ್ಟ. ನ್ಯೂಟ್ರಲ್‌ನಲ್ಲಿ ನಿಂತರೆ ಎಂಜಿನ್ ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ, ಕೊನೆಗೆ ಒಂದು ಸಲ ನಡುಗಿ ಆಫ್ ಆಗುತ್ತದೆ. ಇಬ್ಬರು ಮೆಕ್ಯಾನಿಕ್‌ಗಳು ನೋಡಿದ್ದಾಯಿತು. ಪ್ಲಗ್ ಬದಲಾಯಿಸಿದರು, ಥ್ರಾಟಲ್ ಬಿಚ್ಚಿ ತೊಳೆದರು, ಯಾವುದೋ ಸೆನ್ಸರ್ ಹೊಸದು ಹಾಕಿದರು. ಎರಡನೆಯವರು, "ಮೇಡಂ, ಈ ಎಂಜಿನ್ ಎತ್ತಿ ಬೇರೆ ಸಾದಾ ಎಂಜಿನ್ ಕೂರಿಸಿಬಿಡೋಣ, ತಲೆನೋವೇ ಇರಲ್ಲ" ಎಂದರು. ಅವತ್ತೇ ಗಾಡಿ ವಾಪಸ್ ತಂದೆ.

ನಿಮಗೆ ಬರೆಯಬಾರದು ಅಂತಲೇ ಎರಡು ವರ್ಷ ಇದ್ದೆ. ಅಮ್ಮ ಆಸ್ಪತ್ರೆಯಲ್ಲಿ ಕೊನೆಯ ಉಸಿರಿನಲ್ಲಿದ್ದಾಗ ನಾನು ಫೋನ್ ಮಾಡಿದೆ. ನೀವು "ಒಳ್ಳೇದಾಯ್ತು, ಹಾಗೇ ಮಾಡಿ" ಅಂದು ಇಟ್ಟುಬಿಟ್ಟಿರಿ. ಅದರ ಬಗ್ಗೆ ಈಗ ಕೇಳುವುದಿಲ್ಲ. ಕಾರಿನ ಬಗ್ಗೆ ಮಾತ್ರ ಹೇಳಿ. ಏನು ನೋಡಲಿ?

ನಿಮ್ಮ ಮಗಳು


ಫೆಬ್ರವರಿ 20

ಮಗಳಿಗೆ,

ಕಾಗದ ಬಂತು. ಮೆಕ್ಯಾನಿಕ್‌ಗಳು ಮಾಡಿದ್ದು ತಪ್ಪಲ್ಲ, ಅವಸರ. ರೋಗ ತಿಳಿಯುವ ಮೊದಲೇ ಔಷಧಿ ಕೊಟ್ಟಿದ್ದಾರೆ. ಬೇರೆ ಎಂಜಿನ್ ಹಾಕೋಣ ಅಂದವನಿಗೆ ಇನ್ನು ಬಾನೆಟ್ ತೆರೆದು ತೋರಿಸಬೇಡ.

ಓಡುವುದು ಎಲ್ಲ ಎಂಜಿನ್ನಿಗೂ ಬರುತ್ತದೆ. ಸುಮ್ಮನೆ ನಿಂತು ಉಸಿರಾಡುವುದು ಕಷ್ಟ. ಎಷ್ಟು ಪೆಟ್ರೋಲಿಗೆ ಎಷ್ಟು ಗಾಳಿ ಅಂತ ಅಳೆದು ಕೊಡುವ ವ್ಯವಸ್ಥೆ ಒಳಗಿದೆ. ಅಳತೆಗೆ ಸಿಗದ ಗಾಳಿ ಯಾವುದೋ ಬಿರುಕಿನಿಂದ ನುಗ್ಗಿದರೆ ಲೆಕ್ಕ ತಪ್ಪುತ್ತದೆ. ಓಡುವಾಗ ಆ ಗಾಳಿ ಗೊತ್ತಾಗುವುದಿಲ್ಲ. ನಿಂತಾಗ ಎಂಜಿನ್ನಿಗೆ ಬೇಕಾದದ್ದೇ ಒಂದು ಗುಟುಕು, ಆಗ ಅದು ದೊಡ್ಡದಾಗುತ್ತದೆ. ನಾವು ಅದನ್ನು ಕಳ್ಳಗಾಳಿ ಅನ್ನುತ್ತಿದ್ದೆವು.

ರಬ್ಬರ್ ಪೈಪುಗಳನ್ನೆಲ್ಲ ಒಂದೊಂದಾಗಿ ನೋಡು. ಎಂಜಿನ್ ಓಡುತ್ತಿರುವಾಗ ಹೂವಿಗೆ ನೀರು ಚಿಮುಕಿಸುವ ಬಾಟಲಿಯಿಂದ ಪೈಪಿನ ಕೀಲುಗಳ ಮೇಲೆ ಸ್ವಲ್ಪ ಸ್ವಲ್ಪ ನೀರು ಹೊಡೆ. ವೈರುಗಳ ಕಡೆ ಬೇಡ. ಎಲ್ಲಿ ನೀರು ಬಿದ್ದಾಗ ಸದ್ದು ಬದಲಾಗುತ್ತದೋ ಅಲ್ಲಿ ಕಳ್ಳ.

ಮೀಟರಿನ ಅಂಕಿ ಬರೆಯಬೇಡ. ಕಣ್ಣು ಮುಚ್ಚಿಕೊಂಡು ಗಾಡಿಯ ಪಕ್ಕ ಕೂತು, ಸದ್ದು ಹೇಗಿದೆ ಅಂತ ಮಾತಿನಲ್ಲಿ ಬರೆ. ಪೂರ್ತಿ ಬರೆ.

ಅಪ್ಪ


ಮಾರ್ಚ್ 3

ಅಪ್ಪನಿಗೆ,

ಭಾನುವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಸ್ಟೂಲು ಹಾಕಿಕೊಂಡು ಕಣ್ಣು ಮುಚ್ಚಿ ಕೂತೆ. ಎದುರು ಮನೆಯ ಟೀಚರ್ ಗೇಟಿನಲ್ಲಿ ನಿಂತು, "ಧ್ಯಾನನಾ?" ಎಂದರು. "ಹೂಂ, ಪೆಟ್ರೋಲ್ ಧ್ಯಾನ" ಅಂದೆ.

ಸದ್ದು ಹೀಗಿದೆ. ತಣ್ಣಗಿರುವಾಗ ದಪ್ಪ ಗಂಟಲಿನಲ್ಲಿ ಗುಡುಗುಡು ಅನ್ನುತ್ತದೆ, ಅದರಲ್ಲಿ ತಕರಾರಿಲ್ಲ. ಬಿಸಿಯಾದ ಮೇಲೆ ನಿದ್ದೆಯಲ್ಲಿ ಕನಸು ಕಾಣುವವರ ಉಸಿರಿನ ಹಾಗೆ. ಏರುತ್ತದೆ, ಏನೋ ನೆನಪಾದಂತೆ ತಡೆಯುತ್ತದೆ, ಇಳಿಯುತ್ತದೆ. ಇಳಿದು ಇಳಿದು ಇನ್ನೇನು ಹೋಯಿತು ಅನ್ನುವಾಗ ಬೆಚ್ಚಿಬಿದ್ದು ಗುರ್ರ್ ಎಂದು ಏರುತ್ತದೆ. ತಳದಲ್ಲಿ ಒಂದು ಸಣ್ಣ ಸುಯ್ ಇದೆ, ಬಾಗಿಲ ಸಂದಿಯ ಗಾಳಿಯಂತೆ.

ನೀರು ಹೊಡೆದೆ. ಎಂಜಿನ್ನಿನ ಹಿಂಬದಿ, ಬಗ್ಗಿ ಕೈ ಹಾಕಿದರೆ ಮಾತ್ರ ಸಿಗುವ ಒಂದು ಹೆಬ್ಬೆರಳು ದಪ್ಪದ ಪೈಪಿನ ಮೇಲೆ ಬಿದ್ದಾಗ ಸುಯ್ ನಿಂತಿತು, ಎಂಜಿನ್ ಒಂದು ಕ್ಷಣ ನೆಟ್ಟಗಾಯಿತು. ಪೈಪು ಬಾಗುವ ಕಡೆ ಒಳಗಡೆಯಿಂದ ಸೀಳಿದೆ. ನೋಡಿದರೆ ಕಾಣುವುದಿಲ್ಲ, ಬೆರಳಿಗೆ ಸಿಗುತ್ತದೆ. ಹೊಸದು ಹಾಕಿಸಿದೆ. ಅದಾದ ಮೇಲಿನ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅತ್ತೆಯ ಫೋನಿಗೆ ಕಳಿಸಿದ್ದೇನೆ. ಕೇಳಿ ಹೇಳಿ.

ಇನ್ನೊಂದು ಮಾತು. ನಿಮಗೆ ಗೊತ್ತಿರಲಿಕ್ಕಿಲ್ಲ. ನೀವು ಜಗಳವಾಡಿ ಮನೆ ಬಿಟ್ಟವರಲ್ಲ. ಪ್ರತಿ ಸಲ ಸ್ವಲ್ಪ ಹೆಚ್ಚು ದಿನ ಹೋಗುತ್ತಿದ್ದಿರಿ, ಅಷ್ಟೇ, ಒಂದು ಸಲ ಬರಲಿಲ್ಲ. ಅಮ್ಮ ಒಂದು ಮಾತೂ ಆಡಲಿಲ್ಲ. ಆದರೆ ಭಾನುವಾರ ಭಾನುವಾರ ಕಾರಿನ ಹೊದಿಕೆ ತೆಗೆದು ಸ್ಟಾರ್ಟ್ ಮಾಡುತ್ತಿದ್ದಳು. ಡ್ರೈವಿಂಗ್ ಬರುತ್ತಿರಲಿಲ್ಲ, ಕೀಲಿ ತಿರುಗಿಸುವುದಷ್ಟೇ. ಗಾಡಿ ಓಡುತ್ತಿದ್ದಷ್ಟು ಹೊತ್ತು ಪಕ್ಕದ ಮೆಟ್ಟಿಲ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದಳು. ಯಾಕಮ್ಮಾ ಅಂದರೆ "ತುಕ್ಕು ಹಿಡಿಯುತ್ತಲ್ಲ" ಅನ್ನುತ್ತಿದ್ದಳು. ಅವಳು ಹಾಸಿಗೆ ಹಿಡಿದ ಮೇಲೆ ಗಾಡಿ ನಿಂತಿತು.

ನಿಮ್ಮ ಮಗಳು


ಮಾರ್ಚ್ 19

ನಟ್ಟು,

ಚಿಕ್ಕಂದಿನ ಹಾಗೆ ಕರೆದೆ ಅಂತ ಸಿಟ್ಟಾಗಬೇಡ. ಬರೆಯುವಾಗ ಬೇರೆ ಹೆಸರು ಬರಲಿಲ್ಲ.

ಪೈಪು ಬದಲಾಯಿಸಿದ್ದು ಸರಿ. ಕ್ಲಿಪ್ಪು ಹಳೆಯದನ್ನೇ ಹಾಕಿದ್ದರೆ ತೆಗೆಸು, ಹೊಸ ರಬ್ಬರಿಗೆ ಹಳೆ ಕ್ಲಿಪ್ಪು ಕಚ್ಚುವುದಿಲ್ಲ. ಸುಯ್ ಪೂರ್ತಿ ಹೋಗಿದೆಯೇ, ತೆಳ್ಳಗಾಗಿದೆಯೇ? ಏರಿಳಿತ ಹೋದ ಮೇಲೆ ಉಳಿದ ಸದ್ದು ಹೇಗಿದೆ ಅಂತ ನೀನು ಬರೆಯಲೇ ಇಲ್ಲ. ಬರೆ.

ರೆಕಾರ್ಡು ಗಿಕಾರ್ಡು ಬೇಡ. ಫೋನಿನಲ್ಲಿ ಎಂಜಿನ್ ಸದ್ದು ಸರಿಯಾಗಿ ಬರುವುದಿಲ್ಲ. ಆ ಗಾಜಿನ ಮೇಲೆ ನನ್ನ ಬೆರಳೂ ಕೂರುವುದಿಲ್ಲ, ಒಂದು ಒತ್ತಿದರೆ ಮೂರು ತೆರೆಯುತ್ತದೆ. ನಿನ್ನ ಅಕ್ಷರವೇ ಸರಿ.

ನೀನು ಹುಟ್ಟಿದ ವರ್ಷ ಆ ಗಾಡಿಯ ಕೆಲಸ ನಡೆಯುತ್ತಿತ್ತು. ನೀನು ಹಗಲೆಲ್ಲ ಅಳುತ್ತಿದ್ದೆ. ನಿನ್ನಮ್ಮ ಸಾಕಾಗಿ ನಿನ್ನನ್ನು ತಂದು ನನ್ನ ತೊಡೆಯ ಮೇಲೆ ಹಾಕಿ, "ಇದನ್ನೂ ಸ್ವಲ್ಪ ಟ್ಯೂನ್ ಮಾಡಿ" ಅಂದಳು. ಎಂಜಿನ್ ಸುಮ್ಮನೆ ಓಡುತ್ತಿತ್ತು. ನೀನು ಎರಡು ಸಲ ಮೂಗು ಏರಿಸಿ ಮಲಗಿಬಿಟ್ಟೆ. ಆಫ್ ಮಾಡಿದರೆ ಏಳುತ್ತಿದ್ದೆ. ಎಷ್ಟು ಪೆಟ್ರೋಲು ಸುಟ್ಟೆನೋ.

ನಿನ್ನಮ್ಮ ಭಾನುವಾರ ಸ್ಟಾರ್ಟ್ ಮಾಡಿದಾಗ ಎಷ್ಟು ಹೊತ್ತು ಬಿಡುತ್ತಿದ್ದಳು? ರೇಡಿಯೇಟರಿನ ಫ್ಯಾನ್ ತಿರುಗುವವರೆಗೆ ಬಿಡುತ್ತಿದ್ದಳೇ? ತಿರುಗಿದ ಮೇಲೆ ಆಫ್ ಮಾಡುತ್ತಿದ್ದಳೋ, ಆಮೇಲೂ ಕೂತಿರುತ್ತಿದ್ದಳೋ?

ಅಪ್ಪ


ಏಪ್ರಿಲ್ 2

ಅಪ್ಪನಿಗೆ,

ಫ್ಯಾನ್ ತಿರುಗಿದ ಮೇಲೂ ಕೂತಿರುತ್ತಿದ್ದಳು. ಬಟಾಣಿ ಮುಗಿದರೂ ಕೂತಿರುತ್ತಿದ್ದಳು.

ಈಗ ಗಾಡಿಯ ವಿಷಯ. ಏರಿಳಿತ ಪೂರ್ತಿ ಹೋಯಿತು. ಸಂತೋಷಪಟ್ಟು ಅಂಗಡಿಗೇ ಓಡಿಸಿಕೊಂಡು ಹೋದೆ. ಮೊದಲನೇ ಸಿಗ್ನಲ್ಲಿನಲ್ಲಿ ಆಫ್ ಆಯಿತು. ಎರಡನೆಯದರಲ್ಲೂ ಆಫ್. ಮೂರನೆಯದು ಹಸಿರು ಇತ್ತು, ಬದುಕಿದೆ. ಶೆಡ್ಡಿಗೆ ತಂದು ನಿಲ್ಲಿಸಿದರೆ ಗಂಟೆಗಟ್ಟಲೆ ನೆಟ್ಟಗೆ ನಿಲ್ಲುತ್ತದೆ, ಸಾಧುವಿನ ಹಾಗೆ. ಹೊಸ ಮೆಕ್ಯಾನಿಕ್ ಒಬ್ಬರನ್ನು ಕರೆಸಿದೆ. ಅವರು ಬಾನೆಟ್ ತೆರೆದು ಕೈಕಟ್ಟಿ ನಿಂತು ಕೇಳಿ, "ಏನೂ ಇಲ್ಲವಲ್ಲ" ಎಂದರು. ಡಾಕ್ಟರ ಹತ್ತಿರ ಹೋದಕೂಡಲೇ ಜ್ವರ ಬಿಡುವ ಮಕ್ಕಳ ಜಾತಿ ಇದು.

ಇನ್ನು ನನ್ನ ಕೆಲಸದ ಮಾತು. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತೇನೆಂದು ನಿಮಗೆ ಗೊತ್ತು. ಗಾಜು ತೇಯುವುದು, ಫ್ರೇಮಿಗೆ ಕೂರಿಸುವುದು, ಬಿಡುವಿದ್ದಾಗ ಕಣ್ಣು ಪರೀಕ್ಷೆಗೂ ನಿಲ್ಲುತ್ತೇನೆ. ಕಣ್ಣು ಮಂಜಾದವರಲ್ಲಿ ಒಂದು ಬಗೆಯವರಿರುತ್ತಾರೆ. ಅವರು ಒಪ್ಪುವುದಿಲ್ಲ. ಸರದಿಗೆ ಕೂತಾಗ ಮುಂದಿನವರು ಓದಿದ್ದನ್ನು ಬಾಯಿಪಾಠ ಮಾಡಿ ನಮ್ಮೆದುರು ಗಡಗಡ ಒಪ್ಪಿಸುತ್ತಾರೆ. ಬೋರ್ಡು ಬದಲಾಯಿಸಿದರೆ "ಇವತ್ತು ಬೆಳಕು ಸರಿಯಿಲ್ಲ" ಅನ್ನುತ್ತಾರೆ. ಅವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ. ಹೊಳೆಯುವ ಬಟ್ಟೆ ಹಾಕಿ ಚೆನ್ನಾಗಿ ತಲೆ ಬಾಚಿಕೊಂಡು ಬಂದಿರುತ್ತಾರೆ.

ಮೊನ್ನೆ ಅಂಥವರೊಬ್ಬರು ಬಂದು ಹೋದ ಮೇಲೆ ನಿಮ್ಮ ಎರಡು ಕಾಗದಗಳನ್ನು ಮತ್ತೆ ಓದಿದೆ. ಫೋನಿಗೆ ಬರುವುದಿಲ್ಲ. ರೆಕಾರ್ಡು ಬೇಡ. ಸದ್ದನ್ನು ಬರೆದು ಕಳಿಸು.

ಅಪ್ಪಾ, ನಿಮಗೆ ಕಿವಿ ಕೇಳಿಸುತ್ತಿದೆಯೇ?

ಆವತ್ತು ಆಸ್ಪತ್ರೆಯಿಂದ ನಾನು ಅಂದದ್ದು, "ಅಪ್ಪಾ, ಅಮ್ಮ ಉಳಿಯಲ್ಲ ಅಂತಿದ್ದಾರೆ, ಬನ್ನಿ" ಅಂತ. ನಿಮಗೆ ಏನು ಕೇಳಿಸಿತ್ತು?

ನಟ್ಟು


ಮೇ 10

ಮುದ್ದು ಮಗಳೇ,

ನಾನು ಅತ್ತೆ ಬರೆಯುತ್ತಿರುವುದು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಹೊಂದಿಸಿಕೊಂಡು ಓದು.

ನಿನ್ನ ಏಪ್ರಿಲ್ ತಿಂಗಳ ಕಾಗದ ಅಣ್ಣನ ಜೇಬಿನಲ್ಲೇ ಇದೆ. ಅಂಗಿ ಬದಲಾಯಿಸಿದರೆ ಕಾಗದವೂ ಜೇಬು ಬದಲಾಯಿಸುತ್ತದೆ. ಉತ್ತರ ಬರೆಯಲು ಕೂರುತ್ತಾನೆ, ಬರೆದದ್ದನ್ನು ಹರಿದು ಹಾಕುತ್ತಾನೆ. ನಾನು ಕೇಳಿದರೆ ಕಿಟಕಿಯ ಕಡೆ ತಿರುಗುತ್ತಾನೆ. ನೀನು ಕೇಳಿದ ಪ್ರಶ್ನೆಗೆ ನಾನು ಹೌದು ಅಲ್ಲ ಏನೂ ಹೇಳುವ ಹಾಗಿಲ್ಲ, ಮಾತು ಕೊಟ್ಟಿದ್ದೇನೆ. ನೀನು ಜಾಣೆ. ಅಣ್ಣ ಎಷ್ಟು ಸಲ ಸ್ನಾನ ಮಾಡುತ್ತಾನೆ ಅಂತ ಲೆಕ್ಕ ಇಟ್ಟವಳಿಗೆ ಉಳಿದದ್ದು ಹೊಳೆಯದೇ ಇರುತ್ತದೆಯೇ.

ನೀನು ಕಳಿಸಿದ ಆ ಎಂಜಿನ್ ಸದ್ದನ್ನು ನಾನು ಹಾಕಿ ಕೊಟ್ಟೆ. ಫೋನನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ. ಅಷ್ಟು ಹೇಳಿದರೆ ಮಾತು ಮುರಿದ ಹಾಗಾಗುವುದಿಲ್ಲ ಅಂದುಕೊಂಡಿದ್ದೇನೆ.

ಕಾಗದ ನಿಲ್ಲಿಸಬೇಡ. ಬಾಗಿಲಿಗೆ ಅಂಚೆ ಬಂದ ದಿನ ಅವನು ಎರಡು ತುತ್ತು ಹೆಚ್ಚು ಉಣ್ಣುತ್ತಾನೆ.

ನಿನ್ನ ಅತ್ತೆ


ಮೇ 24

ಅಪ್ಪನಿಗೆ,

ಹೋದ ಕಾಗದದಲ್ಲಿ ಕೇಳಿದ್ದಕ್ಕೆ ನೀವು ಉತ್ತರ ಕೊಡಬೇಕಾಗಿಲ್ಲ. ಸದ್ದು ಮಾತ್ರ ಬರೆಯುತ್ತೇನೆ. ಇನ್ನು ಮೇಲೆ ಪೂರ್ತಿ ಬರೆಯುತ್ತೇನೆ.

ಬೆಳಿಗ್ಗೆ ಶೆಡ್ಡಿನ ತಗಡಿನ ಬಾಗಿಲು ಎಳೆದರೆ ಮೊದಲು ಕೆರೆಯುತ್ತದೆ, ಆಮೇಲೆ ಒಂದು ಕಡೆ ಢಣ್ ಎನ್ನುತ್ತದೆ. ಒಳಗೆ ಪಾರಿವಾಳಗಳು ಗಂಟಲಲ್ಲೇ ಮಾತಾಡಿಕೊಳ್ಳುತ್ತಿರುತ್ತವೆ. ಕೀಲಿ ತಿರುಗಿಸಿದರೆ ಪೆಟ್ರೋಲ್ ಪಂಪು ಜುಯ್ ಎಂದು ಸಣ್ಣಗೆ ಹಾಡಿ ನಿಲ್ಲುತ್ತದೆ. ಮತ್ತೂ ತಿರುಗಿಸಿದರೆ ಎಂಜಿನ್ ಒಂದು ಸಲ ಕೆಮ್ಮಿ ಹಿಡಿದುಕೊಳ್ಳುತ್ತದೆ. ಆಗ ಪಾರಿವಾಳಗಳೆಲ್ಲ ಒಟ್ಟಿಗೆ ಎದ್ದು ಹೋಗುತ್ತವೆ, ಯಾರೋ ಒದ್ದೆ ಬಟ್ಟೆ ಝಾಡಿಸಿದ ಹಾಗೆ. ಎದುರು ಮನೆಯ ಟೀಚರ್ ಈಗ ಅದನ್ನೇ ಅಲಾರಂ ಮಾಡಿಕೊಂಡಿದ್ದಾರೆ.

ಸಿಗ್ನಲ್ಲಿನಲ್ಲಿ ಆಗುವುದು ಹೀಗೆ. ವೇಗ ಇಳಿಸುತ್ತೇನೆ, ಕ್ಲಚ್ ಒತ್ತುತ್ತೇನೆ, ಬ್ರೇಕ್ ಒತ್ತಿ ನಿಲ್ಲುತ್ತೇನೆ. ಒಂದು ಉಸಿರು ಸರಿಯಾಗಿರುತ್ತದೆ. ಆಮೇಲೆ ನನ್ನ ಕಾಲಿನ ಹತ್ತಿರ ಒಂದು ಸದ್ದು. ಬಾನೆಟ್ ಕಡೆಯಿಂದಲ್ಲ, ಒಳಗೇ, ಪೆಡಲ್ ಹಿಂದಿನ ಕತ್ತಲೆಯಿಂದ. ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಂಡ ಹಾಗೆ ಸ್ಸ್ ಅನ್ನುತ್ತದೆ. ಆಗ ಎಂಜಿನ್ ಕುಗ್ಗಿ, ನಡುಗಿ, ಹೋಗಿಬಿಡುತ್ತದೆ. ಹೊಸದೇನೆಂದರೆ, ಕಳೆದ ವಾರದಿಂದ ಬ್ರೇಕ್ ಪೆಡಲ್ ಗಟ್ಟಿಯಾಗಿದೆ. ಮೊದಲು ದಿಂಬಿನ ಹಾಗಿತ್ತು, ಈಗ ಕಲ್ಲು. ಮೊನ್ನೆ ದೊಡ್ಡ ಸರ್ಕಲ್ಲಿನಲ್ಲಿ ಆಫ್ ಆದಾಗ ಎರಡೂ ಕಾಲಿನಲ್ಲಿ ಒತ್ತಬೇಕಾಯಿತು. ಮುಂದಿನ ಬಸ್ಸಿಗೂ ನನಗೂ ನಡುವೆ ಒಂದು ಪುಸ್ತಕ ಇಡುವಷ್ಟು ಜಾಗ. ಹಳೆ ಗಾಡಿ ಅಲ್ಲವೇ, ಕಾಲಿಗೆ ವ್ಯಾಯಾಮ ಅಂದುಕೊಂಡೆ.

ಜೂನ್ ಮೊದಲ ವಾರ ರಜೆಯಿದೆ. ಗುಡ್ಡದ ರಸ್ತೆಯಲ್ಲಿ ಮೇಲಿನವರೆಗೂ ಹೋಗಿ ಇಳಿದು ಬರಬೇಕೆಂದಿದ್ದೇನೆ, ನೀವು ಅದನ್ನು ಮೊದಲ ಸಲ ರೇಸಿಗೆ ಓಡಿಸಿದ ರಸ್ತೆ. ಮೇಲೆ ಹೋಗಿ ಅಲ್ಲಿಯ ಸದ್ದನ್ನೆಲ್ಲ ಬರೆಯುತ್ತೇನೆ.

ನಟ್ಟು


ಮೇ 31

ಅಪ್ಪನಿಗೆ,

ಗಾಡಿ ಶೆಡ್ಡಿನಲ್ಲಿದೆ. ಕೀಲಿ ಟೀಚರ್ ಕೈಯಲ್ಲಿ ಕೊಟ್ಟಿದ್ದೇನೆ, ನಾನು ಕೇಳಿದರೂ ಕೊಡಬೇಡಿ ಅಂದಿದ್ದೇನೆ. ಮೊದಲು ಇದನ್ನು ತಿಳಿಸಬೇಕೆಂದು ಇವತ್ತೇ ಬರೆಯುತ್ತಿದ್ದೇನೆ.

ನಿನ್ನೆ ಬೆಳಿಗ್ಗೆ ಅಂಗಡಿಯಲ್ಲಿ ಒಬ್ಬ ಹಿರಿಯರ ಮೂಗಿನ ಮೇಲೆ ಫ್ರೇಮ್ ಅಳತೆ ನೋಡುತ್ತಿದ್ದೆ. ಫೋನ್ ಬಡಿದುಕೊಂಡಿತು. ನಿಮ್ಮ ಹೆಸರು. ಎಷ್ಟು ವರ್ಷವಾಯಿತೋ ಆ ಹೆಸರು ಅಲ್ಲಿ ಬಂದು. ಎತ್ತಿ ಅಪ್ಪಾ ಅಂದೆ. ನೀವು ಅದಕ್ಕೆ ಕಾಯಲೇ ಇಲ್ಲ.

"ನಟ್ಟು, ನಾನು. ನೀನು ಏನು ಹೇಳಿದ್ರೂ ನಂಗೆ ಕೇಳ್ಸಲ್ಲ. ಅದಕ್ಕೆ ನಾನು ಹೇಳ್ತೀನಿ, ನೀನು ಕೇಳು. ಆ ಗಾಡಿ ತೆಗೀಬೇಡ. ಗುಡ್ಡಕ್ಕೆ ಹೋಗ್ಬೇಡ. ಅಂಗಡಿಗೂ ಬೇಡ. ಬ್ರೇಕಿಗೆ ಬಲ ಕೊಡೋ ಬೂಸ್ಟರ್ ಹರಿದಿದೆ. ಕಳ್ಳಗಾಳಿ ಅಲ್ಲಿಂದಲೇ ಬರ್ತಿರೋದು. ಇಳಿಜಾರಲ್ಲಿ ಎಂಜಿನ್ ಆಫ್ ಆದ್ರೆ ಗಾಡಿ ನಿಲ್ಲಲ್ಲ. ಕೇಳಿಸ್ತಾ? ಕೇಳಿಸ್ತು ಅಂದ್ಕೋತೀನಿ. ಇನ್ನೊಂದ್ಸಲ ಹೇಳ್ತೀನಿ."

ಇನ್ನೊಂದು ಸಲ ಹೇಳಿದಿರಿ. ಮತ್ತೊಂದು ಸಲವೂ. ನಿಮ್ಮ ದನಿ ಎಷ್ಟು ಜೋರಾಗಿತ್ತೆಂದರೆ ಮೂಗಿನ ಮೇಲೆ ಅರ್ಧ ಫ್ರೇಮ್ ಇದ್ದ ಆ ಹಿರಿಯರು, "ಮಗಾ, ತೆಗೀಬೇಡ ಬಿಡು ಆ ಗಾಡಿನ" ಎಂದರು. ನೀವು ಹೇಳುತ್ತಿದ್ದಷ್ಟು ಹೊತ್ತೂ ನಾನೂ ಮಾತಾಡುತ್ತಿದ್ದೆ. ನಿಮಗೆ ಕೇಳಿಸುವುದಿಲ್ಲವೆಂದು ಗೊತ್ತಾದದ್ದರಿಂದ ಧೈರ್ಯ ಬಂದಿತ್ತು. ಎರಡು ವರ್ಷ ನಿಮ್ಮನ್ನು ಬೈದುಕೊಂಡದ್ದನ್ನೆಲ್ಲ ಹೇಳಿದೆ. ಅಮ್ಮ ಕೊನೆಯ ದಿನ ಬಾಗಿಲ ಕಡೆ ಮುಖ ಮಾಡಿ ಮಲಗಿಸಿ ಅಂದದ್ದನ್ನು ಹೇಳಿದೆ. ಆಮೇಲೆ ಅತ್ತೆ ಫೋನ್ ತೆಗೆದುಕೊಂಡು, "ಕೇಳಿಸ್ಕೊಂಡೆಯಾ?" ಎಂದರು. ಹೂಂ ಅಂದೆ. ಅವರು ನಿಮಗೆ ಕೈಸನ್ನೆ ಮಾಡಿರಬೇಕು. ನೀವು ದೂರದಲ್ಲಿ, "ಸರಿ, ಸರಿ" ಅಂದದ್ದು ಕೇಳಿಸಿತು.

ಹಿರಿಯರು ಇವತ್ತು ಅಳತೆ ಬೇಡ, ನಾಳೆ ಬರುತ್ತೇನೆ ಎಂದು ಎದ್ದು ಹೋದರು. ಹೋಗುವಾಗ ನನ್ನ ಮೇಜಿನ ಮೇಲಿನ ಗಾಜು ಒರೆಸುವ ಬಟ್ಟೆಯನ್ನು ನನ್ನ ಕಡೆ ಸರಿಸಿದರು.

ನಟ್ಟು


ಜೂನ್ 15

ನಟ್ಟು,

ಮೊದಲು ಕೆಲಸದ ಮಾತು. ಎಂಜಿನ್ ಆಫ್ ಇರುವಾಗ ಬ್ರೇಕನ್ನು ನಾಲ್ಕೈದು ಸಲ ಒತ್ತು. ಕೊನೆಯ ಸಲ ಒತ್ತಿ ಹಿಡಿದುಕೊಂಡೇ ಸ್ಟಾರ್ಟ್ ಮಾಡು. ಪೆಡಲ್ ತಾನಾಗಿ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಹೋಗಿದೆ, ಅನುಮಾನ ಬೇಡ. ಪೆಡಲ್ ಮುಂದಿರುವ ದುಂಡು ಡಬ್ಬಿ ಅದು. ಒಳಗೆ ರಬ್ಬರಿನ ತೆರೆ. ನೀನು ಬ್ರೇಕ್ ಒತ್ತಿದಾಗ ಹರಿದ ಕಡೆಯಿಂದ ಹೊರಗಿನ ಗಾಳಿ ಎಂಜಿನ್ನಿಗೆ ನುಗ್ಗುತ್ತಿತ್ತು. ಶೆಡ್ಡಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ಎಲ್ಲರೂ ಬಾನೆಟ್ ಹತ್ತಿರ ನಿಂತರೆ ಹೇಗೆ ಗೊತ್ತಾಗಬೇಕು? ಯಾರೂ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿರಲಿಲ್ಲ. ನೀನು ಆ ಸ್ಸ್ ಬರೆಯದಿದ್ದರೆ ನನಗೂ ಗೊತ್ತಾಗುತ್ತಿರಲಿಲ್ಲ. ರಿಪೇರಿ ಮಾಡಿಸಬೇಡ, ಹೊಸದನ್ನೇ ಹಾಕಿಸು.

ಇನ್ನು ನೀನು ಕೇಳಿದ್ದು. ಎಡಗಿವಿ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಕೆಲವು ಸಲ ಗುಂಯ್ ಅನ್ನುತ್ತದೆ, ಅದು ಹೊರಗಿನದೋ ಒಳಗಿನದೋ ತಿಳಿಯುವುದಿಲ್ಲ. ರೇಸ್ ಎಂಜಿನ್‌ಗಳ ಪಕ್ಕ ಬರೀ ಕಿವಿಯಲ್ಲಿ ನಿಂತವನು ನಾನು. ಕಿವಿ ಮುಚ್ಚಿಕೊಂಡರೆ ಎಂಜಿನ್ ಹೇಳುವುದು ಹೇಗೆ ಕೇಳಿಸುತ್ತದೆ ಅಂತ ಹುಡುಗರನ್ನು ಗೇಲಿ ಮಾಡುತ್ತಿದ್ದೆ. ಮೊದಲು ಸಣ್ಣ ಸದ್ದುಗಳು ಹೋದವು. ಒಂದು ದಿನ ತಂಡದ ಗಾಡಿಯೊಂದರ ಎಂಜಿನ್ ನನ್ನ ಎದುರೇ ಕಟಕಟ ಅನ್ನುತ್ತಿತ್ತಂತೆ. ಎಲ್ಲರೂ ನನ್ನ ಮುಖ ನೋಡಿದರು. ನಾನು "ಸರಿಯಾಗಿದೆ, ಬಿಡಿ" ಅಂದೆ. ಮಾರನೇ ದಿನ ಕೆಲಸ ಬಿಟ್ಟು ತಂಗಿಯ ಮನೆಗೆ ಬಂದೆ. ಯಾರೂ ಕೆಲಸದಿಂದ ತೆಗೆದಿರಲಿಲ್ಲ.

ಆಸ್ಪತ್ರೆಯಿಂದ ನೀನು ಮಾಡಿದ ಫೋನು. ತಂಗಿ ಆಗ ಮಗನ ಮನೆಗೆ ಹೋಗಿದ್ದಳು, ನಾನೊಬ್ಬನೇ. ನಿನ್ನ ದನಿ ಅಂತ ಗೊತ್ತಾಯಿತು, ಮಾತು ಗೊತ್ತಾಗಲಿಲ್ಲ. ಅಮ್ಮ ಅನ್ನುವುದೊಂದು ಕೇಳಿಸಿತು, ಬನ್ನಿ ಅಂತಲೋ ಬಂದಳು ಅಂತಲೋ ಏನೋ. ಅಮ್ಮ ಮನೆಗೆ ಬಂದಳು ಅಂದುಕೊಂಡೆ. ಅದಕ್ಕೇ ಹಾಗೆ ಅಂದೆ. ಮತ್ತೆ ಕೇಳಬಹುದಿತ್ತು. ಕೇಳಿದರೆ ಕಿವುಡ ಅಂತ ನಿನಗೆ ತಿಳಿಯುತ್ತದಲ್ಲ. ವಿಷಯ ತಿಳಿದಾಗ ಎಲ್ಲ ಮುಗಿದು ಹೋಗಿತ್ತು. ಬಸ್ ನಿಲ್ದಾಣದವರೆಗೂ ಬಂದೆ, ಚೀಲವೂ ಇತ್ತು. ಬಂದು ಏನು ಹೇಳುವುದು? ಪಕ್ಕದ ಬೀದಿಯಲ್ಲಿ ಹೋಗುವ ಗಾಡಿಯ ಯಾವ ಸಿಲಿಂಡರ್ ಕೆಟ್ಟಿದೆ ಅಂತ ಹೇಳುತ್ತಿದ್ದವನು, ಹೆಂಡತಿ ಸಾಯುತ್ತಿದ್ದಾಳೆ ಅಂದದ್ದು ಕೇಳಿಸಲಿಲ್ಲ ಅಂದರೆ ಯಾರು ನಂಬುತ್ತಾರೆ? ಬಸ್ಸು ಹೋಯಿತು. ಬೆಂಚಿನ ಮೇಲೆ ಕೂತಿದ್ದು ವಾಪಸ್ ಬಂದೆ.

ಫೋನಿನಲ್ಲಿ ನೀನು ಏನೇನು ಹೇಳಿದೆ ಅಂತ ಬರೆದೆಯಲ್ಲ. ಓದಿದೆ. ಬಾಗಿಲ ಕಡೆ ಮುಖ ಮಾಡಿಸಿಕೊಂಡಳು ಅನ್ನುವುದನ್ನೂ ಓದಿದೆ.

ಅಪ್ಪ


ಜುಲೈ 28

ಅಪ್ಪಾ,

ಪೆಡಲ್ ಇಳಿಯಲಿಲ್ಲ. ಬೂಸ್ಟರ್ ಸಿಗುವುದೇ ಕಷ್ಟವಾಯಿತು, ಹಳೆ ಮಾದರಿ. ಕೊನೆಗೆ ಮೂರನೇ ಮೆಕ್ಯಾನಿಕ್ಕೇ ಹುಡುಕಿ ತರಿಸಿದರು. ಹಳೆಯದನ್ನು ಬಿಚ್ಚಿ ಕತ್ತರಿಸಿ ತೋರಿಸಿದಾಗ ರಬ್ಬರು ಅಂಚಿನುದ್ದಕ್ಕೂ ಬಾಯಿ ಬಿಟ್ಟಿತ್ತು. "ಯಾರು ಹೇಳಿದ್ದು ನಿಮಗೆ?" ಎಂದರು. "ನಮ್ಮಪ್ಪ" ಅಂದೆ. "ಎಲ್ಲಿದ್ದಾರೆ ಅವರು, ಬಂದು ಕೇಳಿದ್ರಾ?" ಎಂದರು. "ಇಲ್ಲ, ಓದಿದ್ರು" ಅಂದೆ. ಅವರು ನನ್ನನ್ನೊಮ್ಮೆ, ಬೂಸ್ಟರನ್ನೊಮ್ಮೆ ನೋಡಿದರು.

ಹೊಸದು ಹಾಕಿದ ಮೇಲೆ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿದೆ. ಏನೂ ಆಗಲಿಲ್ಲ. ಅಪ್ಪಾ, ಆ ಏನೂ ಆಗದ ಸದ್ದನ್ನು ಹೇಗೆ ಬರೆಯಲಿ? ತುಂಬಿದ ಮನೆಯಲ್ಲಿ ಎಲ್ಲರೂ ಮಲಗಿದ ಮೇಲಿನ ಹಾಗೆ. ಒಂದೇ ಸಮ. ಕೆಳಗೆ ಗುಡುಗುಡು, ಅದರ ಮೇಲೆ ತೆಳುವಾಗಿ ಚಿಟಚಿಟ, ಅಷ್ಟೇ. ಸ್ಟಿಯರಿಂಗ್ ಮೇಲಿಟ್ಟ ಕೈ ಬೆರಳಿನ ತುದಿ ಮಾತ್ರ ಸಣ್ಣಗೆ ಅದಿರುತ್ತಿತ್ತು. ಅಲ್ಲೇ ಕಣ್ಣು ಮುಚ್ಚಿದೆ. ಮೆಕ್ಯಾನಿಕ್ ಕಿಟಕಿ ತಟ್ಟಿ ಎಬ್ಬಿಸಬೇಕಾಯಿತು. ನಿದ್ದೆ ಹೋಗಿದ್ದೆ.

ಮುಂದಿನ ತಿಂಗಳು ಬರುತ್ತೇನೆ, ಅದರಲ್ಲೇ. ಬ್ರೇಕ್ ದಿಂಬಿನ ಹಾಗಿದೆ, ಹೆದರಬೇಡಿ. ಸ್ನಾನಕ್ಕೆ ಹೋಗಿದ್ದಾರೆ ಅಂತ ಅತ್ತೆ ಹೇಳಿದರೆ ಬಚ್ಚಲ ಬಾಗಿಲಲ್ಲೇ ಕೂರುತ್ತೇನೆ.

ನಟ್ಟು


ಆಗಸ್ಟ್ 26

ನಟ್ಟು,

ತಲುಪಿದ್ದೇನೆ ಅಂತ ನೀನು ಅತ್ತೆಗೆ ಮಾಡಿದ ಫೋನಿನ ವಿಷಯ ತಿಳಿಯಿತು. ನೀನು ಹೋದ ಮೇಲೆ ಮನೆಯ ಮುಂದೆ ಒಂದು ಎಣ್ಣೆಯ ಚುಕ್ಕೆ ಉಳಿದಿದೆ. ಗಾಬರಿಯಾಗಬೇಡ, ಸಣ್ಣದು, ಗೇರ್ ಡಬ್ಬಿಯ ಸೀಲು. ಅವಸರವಿಲ್ಲ. ನಿನ್ನ ಅತ್ತೆ ಉಜ್ಜಲು ಹೋದಳು, ಬೇಡ ಅಂದೆ.

ನಾನು ಬಾನೆಟ್ ಮೇಲೆ ಅಂಗೈ ಇಟ್ಟು ನಿಂತಾಗ ನೀನು ನನ್ನ ಮುಖವನ್ನೇ ನೋಡುತ್ತಿದ್ದೆ. ಏನಾದರೂ ಹೇಳುತ್ತೇನೆಂದು ಕಾದಿದ್ದೆ ಅನ್ನಿಸುತ್ತದೆ. ಆಗ ಆಗಲಿಲ್ಲ, ಈಗ ಹೇಳುತ್ತೇನೆ. ಸರಿಯಾಗಿದೆ. ಅಂಗೈಗೆ ಎಲ್ಲ ಗೊತ್ತಾಯಿತು. ಸಮುದ್ರದ ರಸ್ತೆಯಲ್ಲಿ ನೀನು ಓಡಿಸುವಾಗ ಪಕ್ಕದ ಸೀಟಿನಲ್ಲಿ ಬೆನ್ನಿಗೂ ಗೊತ್ತಾಯಿತು. ನೀನು ಗೇರನ್ನು ಬೇಗ ಬದಲಾಯಿಸುತ್ತೀ. ಇನ್ನೂ ಸ್ವಲ್ಪ ತಡೆದು ಬದಲಾಯಿಸು, ಆ ಎಂಜಿನ್ನಿಗೆ ಅದು ಇಷ್ಟ.

ನೀನು ಹಟ ಮಾಡಿ ಕೊಡಿಸಿದ ಕಿವಿಯ ಯಂತ್ರವನ್ನು ದಿನಾ ಹಾಕುತ್ತಿದ್ದೇನೆ. ತಟ್ಟೆ ಲೋಟದ ಸದ್ದು ಬರುತ್ತದೆ. ನಿನ್ನ ಅತ್ತೆ ಗೊಣಗುವುದು ಚೆನ್ನಾಗಿ ಬರುತ್ತದೆ. ಮಾತು ಇನ್ನೂ ಬಿಡಿಬಿಡಿಯಾಗಿಲ್ಲ. ಅಭ್ಯಾಸವಾಗಬೇಕು ಅಂದಿದ್ದಾರೆ.

ನೀನು ಹೊರಡುವಾಗ ಗಾಜು ಏರಿಸಿದ ಮೇಲೆ ಒಳಗಿನಿಂದ ಏನೋ ಹೇಳಿದೆ. ನಾನು ಹೂಂ ಅಂತ ತಲೆ ಆಡಿಸಿದೆ. ನೀನು ನಕ್ಕು ಹೊರಟೆ. ನಿಜ ಹೇಳಬೇಕೆಂದರೆ ನನಗೆ ಗೊತ್ತಾಗಲಿಲ್ಲ. ತುಟಿ ನೋಡೋಣವೆಂದರೆ ಗಾಜಿನ ಮೇಲೆ ಬಿಸಿಲು ಬಿದ್ದಿತ್ತು. ಆವತ್ತಿನಿಂದ ಅದೇ ತಲೆಯಲ್ಲಿದೆ.

ಏನು ಹೇಳಿದೆ? ಬರೆದು ಕಳಿಸು.

ಅಪ್ಪ